ಪ್ರಥಮ ಮುದ್ರಣವೂ ಗ್ರಂಥಕರ್ತನ ಹಸ್ತಾಕ್ಷರವೂ

ಗ್ರಂಥವೆಂಬುದು ಕಾಗದವೋ, ಕಾಗದದ ಮೇಲಿನ ಅಕ್ಷರವೋ, ಅಕ್ಷರದಿಂದ ಹೊರಡುವ ಅರ್ಥವೋ ಎಂಬ ಪ್ರಶ್ನೆಯು ಶಾಸ್ತ್ರಜ್ಞರಿಗೆ ಹಳೆಯದು. ಈ ಪ್ರಶ್ನೆಗೆ ಪೇಟೆಯಲ್ಲಿ ಬೆಲೆಕಟ್ಟಿ ಉತ್ತರ ಹೇಳುವ ಒಂದು ವ್ಯವಹಾರವು ಅಮೆರಿಕಾ ದೇಶದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆ ದೇಶದ ಆಧುನಿಕ ಕಾದಂಬರಿಗಳ ಪ್ರಥಮ ಮುದ್ರಣದ ಪ್ರತಿಗಳನ್ನು, ಅದರಲ್ಲಿಯೂ ಗ್ರಂಥಕರ್ತನು ಸ್ವಹಸ್ತದಿಂದ ಸಹಿಮಾಡಿದ ಪ್ರತಿಗಳನ್ನು, ಹುಡುಕಿ ತಂದು ಕೂಡಿಡುವವರ ಒಂದು ವರ್ಗವೇ ಅಲ್ಲಿ ಉಂಟು, ಅವರಿಗೆ ಮಾರುವ ವರ್ತಕರುಂಟು, ಒಂದೊಂದು ಪ್ರತಿಯ ಲಕ್ಷಣವನ್ನೂ ನಿರೂಪಿಸುವ ಗ್ರಂಥಸೂಚಿಗಳುಂಟು, ಹರಾಜಿನ ಮನೆಗಳುಂಟು. ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಎಂಬ ಕಾದಂಬರಿಯು 1925ರ ಏಪ್ರಿಲ್ ತಿಂಗಳಲ್ಲಿ ನ್ಯೂಯಾರ್ಕಿನ ಸ್ಕ್ರಿಬ್ನರ್ ಸಂಸ್ಥೆಯಿಂದ ಹೊರಬಂದಾಗ ಅದರ ಬೆಲೆ 2 ಡಾಲರು. ಅದೇ ಮುದ್ರಣದ ಪ್ರತಿಯು ಮೂಲದ ಮೇಲುಹೊದಿಕೆಯೊಡನೆ ಚೆನ್ನಾಗಿ ಉಳಿದಿದ್ದರೆ ಈಚಿನ ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಲಕ್ಷ ಡಾಲರುಗಳಿಗೂ ಮೀರಿ ಹರಾಜಾಗಿದೆ. ಇತ್ತ, 2021ರ ಜನವರಿ 1ರಂದು ಆ ಕೃತಿಯ ಮೇಲಿನ ಹಕ್ಕು ಅಮೆರಿಕಾದಲ್ಲಿ ತೀರಿಹೋಗಿ, ಅದರ ಮಾತುಗಳನ್ನು ಯಾರು ಬೇಕಾದರೂ ಅಚ್ಚುಹಾಕಬಹುದು, ಯಾರು ಬೇಕಾದರೂ ಕಾಸಿಲ್ಲದೆ ಓದಬಹುದು ಎಂದಾಗಿದೆ. ಮಾತು ಎರಡು ಕಡೆಯೂ ಒಂದೇ; ಒಂದು ಕಡೆ ಅದು ಬಿಟ್ಟಿ, ಇನ್ನೊಂದು ಕಡೆ ಲಕ್ಷ. ಈ ಅಂತರಕ್ಕೆ ಧನಮದವೊಂದೇ ಕಾರಣವೇ, ಅಥವಾ ಸಾಹಿತ್ಯಕ್ಕೆ ಸಂಬಂಧಪಟ್ಟ ತಿರುಳು ಏನಾದರೂ ಇದರಲ್ಲಿ ಉಂಟೇ ಎಂಬುದು ವಿಚಾರಾರ್ಹವಾದ ವಿಷಯ.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸುವುದು ಯುಕ್ತ. ಅಚ್ಚಿನ ಮೊಳೆಗಳನ್ನು ಒಮ್ಮೆ ಜೋಡಿಸಿ ಆ ಜೋಡಣೆಯಿಂದಲೇ ತೆಗೆದ ಪ್ರತಿಗಳೆಲ್ಲವೂ ಸೇರಿ ಒಂದು ಆವೃತ್ತಿ. ಆ ಜೋಡಣೆಯನ್ನು ಬದಲಿಸದೆ ಬೇರೆ ಬೇರೆ ಕಾಲದಲ್ಲಿ ಯಂತ್ರಕ್ಕೇರಿಸಿ ತೆಗೆದ ಒಂದೊಂದು ಕಂತೂ ಒಂದು ಮುದ್ರಣ. ಸಂಗ್ರಾಹಕನು ‘ಪ್ರಥಮಾವೃತ್ತಿ’ ಎಂದಾಗ ಅವನ ಮನಸ್ಸಿನಲ್ಲಿರುವುದು ಪ್ರಥಮಾವೃತ್ತಿಯ ಪ್ರಥಮ ಮುದ್ರಣವೇ. ಅದನ್ನು ಗುರುತಿಸುವ ಚಿಹ್ನೆಗಳು ಪ್ರಕಾಶಕನಿಂದ ಪ್ರಕಾಶಕನಿಗೆ ಬೇರೆ. ಸ್ಕ್ರಿಬ್ನರ್ ಸಂಸ್ಥೆಯವರು 1930ರಿಂದ ಬಹುಕಾಲ ಹಕ್ಕುಪುಟದಲ್ಲಿ ‘ಎ’ ಎಂಬ ಅಕ್ಷರವನ್ನು ಹಾಕುತ್ತಿದ್ದರು. ಡಬಲ್‌ಡೇ ಸಂಸ್ಥೆಯವರು 1974ರಲ್ಲಿ ಹೊರತಂದ ಸ್ಟೀಫನ್ ಕಿಂಗನ ‘ಕ್ಯಾರಿ’ ಎಂಬ ಕಾದಂಬರಿಯಲ್ಲಾದರೋ ಗುರುತು 199ನೆಯ ಪುಟದ ಒಳ ಅಂಚಿನಲ್ಲಿ ‘ಪಿ 6’ ಎಂದು ಅಡಗಿ ಕುಳಿತಿದೆ. ಇನ್ನು ಕೆಲವರು ಅಂಕಿಗಳ ಒಂದು ಸಾಲನ್ನು ಅಚ್ಚುಮಾಡಿ, ಪ್ರತಿ ಮುದ್ರಣಕ್ಕೂ ಅತಿ ಚಿಕ್ಕ ಅಂಕಿಯನ್ನು ತೆಗೆದುಹಾಕುತ್ತಾರೆ. ‘1’ ಉಳಿದಿದ್ದರೆ ಅದು ಮೊದಲನೆಯದು. ರ‍್ಯಾಂಡಂ ಹೌಸ್ ಸಂಸ್ಥೆಯ ಅನೇಕ ಪುಸ್ತಕಗಳಲ್ಲಿ ಈ ನಿಯಮವೂ ತಲೆಕೆಳಗು: ಸಾಲು ‘2’ರಿಂದ ಆರಂಭವಾಗಿ, ಜೊತೆಯಲ್ಲಿ ‘ಪ್ರಥಮಾವೃತ್ತಿ’ ಎಂಬ ಮಾತಿದ್ದರೆ ಅದೇ ಮೊದಲ ಮುದ್ರಣ. ಇವೆಲ್ಲದರ ನಡುವೆ, ತಿಂಗಳ ಚಂದಾದಾರರಿಗಾಗಿ ಪುಸ್ತಕ ಸಂಘಗಳು ಹೊರಡಿಸಿದ ಪ್ರತಿಗಳೂ ನೋಟಕ್ಕೆ ಅವಳಿ ಮಕ್ಕಳಂತೆಯೇ ಇರುತ್ತವೆ. ಹೊದಿಕೆಯ ಮಡಿಕೆಯಲ್ಲಿ ಬೆಲೆ ನಮೂದಾಗದಿರುವುದೇ ಅನೇಕ ವೇಳೆ ಅವುಗಳ ಗುರುತು. ಈ ಸೂಕ್ಷ್ಮಗಳನ್ನು ಅರಿಯದವನ ಹಣವು ಅರಿತವನ ಪಾಲಾಗುವುದು ಈ ಪೇಟೆಯ ನಿತ್ಯಧರ್ಮ.

ಇಲ್ಲಿ ಪೂರ್ವಪಕ್ಷಿಯು ಎದ್ದು ನಿಲ್ಲುತ್ತಾನೆ. ಅವನ ವಾದವಿದು: ಕಾವ್ಯದ ಆತ್ಮವು ರಸ, ಶಬ್ದಾರ್ಥಗಳು ಅದರ ಶರೀರ, ಕಾಗದ, ಶಾಯಿ, ರಟ್ಟುಗಳು ಆ ಶರೀರಕ್ಕೆ ಉಡಿಸಿದ ವಸ್ತ್ರ ಮಾತ್ರ. ವಸ್ತ್ರದ ಅಂಚು ಎಷ್ಟು ಹರಿದಿದೆಯೆಂದು ಅಳೆಯುತ್ತ ಕುಳಿತವನಿಗೆ ಆತ್ಮದರ್ಶನವೆಲ್ಲಿಯದು? ಅರ್ನೆಸ್ಟ್ ಹೆಮಿಂಗ್ವೆಯ ‘ದಿ ಸನ್ ಆಲ್ಸೋ ರೈಸಸ್’ ಎಂಬ ಕಾದಂಬರಿಯು 1926ರಲ್ಲಿ 5,090 ಪ್ರತಿಗಳಾಗಿ ಅಚ್ಚಾಯಿತು. ಅದರ 181ನೆಯ ಪುಟದಲ್ಲಿ ‘ಸ್ಟಾಪ್ಡ್’ ಎಂಬ ಇಂಗ್ಲಿಷ್ ಪದಕ್ಕೆ ಎರಡು ‘ಪಿ’ಗಳಿರಬೇಕಾದಲ್ಲಿ ಮೂರು ಬಿದ್ದಿವೆ. ಆ ಮೂರನೆಯ ‘ಪಿ’ ಇರುವ ಪ್ರತಿಗೇ ಹೆಚ್ಚಿನ ಬೆಲೆ. ಅಕ್ಷರ ತಪ್ಪಿದರೆ ಶಾಲೆಯ ಹುಡುಗನಿಗೆ ಬೆತ್ತದ ಏಟು. ಇಲ್ಲಿಯಾದರೋ ತಪ್ಪಿಗೇ ಪಟ್ಟಾಭಿಷೇಕ! ಕಾಗೆಗೆ ಹಲ್ಲೆಷ್ಟೆಂದು ಎಣಿಸಹೊರಟ ಈ ಕಾಕದಂತಪರೀಕ್ಷೆಯಿಂದ ಸಾಹಿತ್ಯಕ್ಕೆ ಬಂದ ಭಾಗ್ಯವೇನು?

ವಾದವು ಕೇಳುವುದಕ್ಕೆ ಇಂಪಾಗಿದ್ದರೂ ಪೂರ್ಣವಾಗಿ ನಿಲ್ಲತಕ್ಕದ್ದಲ್ಲ. ತಾಳೆಯೋಲೆಯ ಗ್ರಂಥಗಳನ್ನು ಸಂಪಾದಿಸಿದವರು ಬಲ್ಲಂತೆ, ಪ್ರತಿಗಳ ವಂಶವೃಕ್ಷವನ್ನು ತೋರಿಸಿಕೊಡತಕ್ಕದ್ದು ಲಿಪಿಕಾರನ ತಪ್ಪೇ. ಎರಡು ಓಲೆಕಟ್ಟುಗಳಲ್ಲಿ ಒಂದೇ ಅಪಪಾಠವು ಒಂದೇ ಸ್ಥಳದಲ್ಲಿ ಕಂಡುಬಂದರೆ ಅವೆರಡೂ ಒಂದೇ ಮಾತೃಕೆಯಿಂದ ಇಳಿದುಬಂದವೆಂದು ಪಂಡಿತನು ಊಹಿಸುತ್ತಾನೆ. ಶುದ್ಧಪಾಠವು ಎಲ್ಲದರಲ್ಲಿಯೂ ಸಮಾನವಾಗಿರುವುದರಿಂದ ಇಂತಹ ಸಾಕ್ಷ್ಯವನ್ನು ನುಡಿಯಲಾರದು. ಅಚ್ಚಿನ ಪುಸ್ತಕಕ್ಕೂ ಇದೇ ನ್ಯಾಯ. ತಪ್ಪು ಮೊದಲು ಬೀಳುತ್ತದೆ, ತಿದ್ದುಪಡಿಯು ಆಮೇಲೆ ಬರುತ್ತದೆ; ಆದುದರಿಂದ ತಪ್ಪುಳ್ಳ ಪ್ರತಿಯು ಹಿರಿಯದು, ತಿದ್ದಿದ ಪ್ರತಿಯು ಕಿರಿಯದು. ಮೂರು ‘ಪಿ’ಗಳ ಪ್ರತಿಯನ್ನು ಮೂಢನು ತಪ್ಪಿಗಾಗಿ ಪೂಜಿಸಬಹುದು, ವಿವೇಕಿಯು ಅದನ್ನು ಕಾಲಕ್ರಮದ ಮುದ್ರೆಯೆಂದು ಓದುತ್ತಾನೆ.

‘ಗ್ಯಾಟ್ಸ್‌ಬಿ’ ಕಾದಂಬರಿಯೇ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಮೊದಲ ಮುದ್ರಣವು 20,870 ಪ್ರತಿಗಳು. ಅದೇ ವರ್ಷದ ಆಗಸ್ಟ್ ತಿಂಗಳಿನ ಎರಡನೆಯ ಮುದ್ರಣವು 3,000 ಪ್ರತಿಗಳು. ಎರಡನೆಯದರಲ್ಲಿ ಆರು ತಿದ್ದುಪಡಿಗಳಾದುವು. ಅವುಗಳಲ್ಲಿ ಒಂದು ಕೇವಲ ಅಚ್ಚಿನ ದೋಷದ ಪರಿಹಾರವಲ್ಲ. 60ನೆಯ ಪುಟದಲ್ಲಿ, ಉದ್ಯಾನದ ಔತಣಕೂಟದ ಗದ್ದಲವನ್ನು ವರ್ಣಿಸುವ ಸ್ಥಳದಲ್ಲಿ, ಮೊದಲು ‘ಚ್ಯಾಟರ್’ ಎಂಬ ಸಾಮಾನ್ಯ ಪದವಿತ್ತು; ಹರಟೆ ಎಂದು ಅದರ ಅರ್ಥ. ಎರಡನೆಯ ಮುದ್ರಣದಲ್ಲಿ ಅದು ‘ಎಕೊಲೇಲಿಯ’ ಎಂದಾಯಿತು. ಕೇಳಿದ ಮಾತನ್ನೇ ಅರ್ಥವಿಲ್ಲದೆ ಮರುನುಡಿಯುವ ರೋಗಕ್ಕೆ ವೈದ್ಯರು ಇಟ್ಟ ಹೆಸರು ಅದು. ಒಂದು ಪದದ ಬದಲಾವಣೆಯಿಂದ ಶ್ರೀಮಂತರ ಆ ಕೂಟವು ವಿನೋದದಿಂದ ವ್ಯಾಧಿಗೆ ತಿರುಗಿತು. ಕಾದಂಬರಿಯ ಧ್ವನಿಯು ಅಲ್ಲಿ ಒಂದು ಮೆಟ್ಟಿಲು ಆಳಕ್ಕೆ ಇಳಿಯಿತು. ಎರಡು ಮುದ್ರಣಗಳನ್ನು ಎದುರುಬದುರು ಇಟ್ಟು ನೋಡಿದವನಿಗೆ ಮಾತ್ರ ಈ ಇಳಿತವು ಕಾಣುತ್ತದೆ. ಇಂತಹ ಪರೀಕ್ಷೆಯನ್ನು ಕಾಕದಂತಪರೀಕ್ಷೆಯೆನ್ನಲಾಗದು. ಇದು ಕವಿಯ ಮನಸ್ಸು ಕೆಲಸಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದಂತೆ.

ಇದೇ ನಿದರ್ಶನವು ಸಂಗ್ರಾಹಕನಿಗೂ ಒಂದು ಪಾಠವನ್ನು ಹೇಳುತ್ತದೆ. ಉತ್ತಮವಾದ ಪದವಿರುವುದು ಎರಡನೆಯ ಮುದ್ರಣದಲ್ಲಿ. ಪೇಟೆಯ ಕಿರೀಟವಿರುವುದು ಮೊದಲನೆಯದರ ತಲೆಯ ಮೇಲೆ. ಪ್ರಥಮವಾದುದೆಲ್ಲವೂ ಪ್ರಮಾಣವಲ್ಲ. ವಿಲಿಯಂ ಫಾಕ್ನರನ ‘ದಿ ಸೌಂಡ್ ಅಂಡ್ ದಿ ಫ್ಯೂರಿ’ ಎಂಬ ಕಾದಂಬರಿಯು 1929ರ ಅಕ್ಟೋಬರಿನಲ್ಲಿ 1,789 ಪ್ರತಿಗಳಾಗಿ ಹೊರಟಿತು. ಆ ಪ್ರತಿಗಳಲ್ಲಿ ಉಳಿದಿರುವವನ್ನು ಸಂಗ್ರಾಹಕರು ಕಣ್ಣಿಗೊತ್ತಿಕೊಳ್ಳುತ್ತಾರೆ. ಆದರೆ ಇಂದು ವಿದ್ವಾಂಸರು ಓದಿಸುವ ಪಾಠವು, ನೋಯೆಲ್ ಪೋಕ್ ಎಂಬ ಸಂಪಾದಕರು ಗ್ರಂಥಕರ್ತನ ಬೆರಳಚ್ಚಿನ ಪ್ರತಿಯನ್ನು ಹಿಡಿದು 1984ರಲ್ಲಿ ಸಿದ್ಧಪಡಿಸಿದ ಪಾಠ. ಪ್ರಥಮ ಮುದ್ರಣವೆಂಬುದು ನ್ಯಾಯಸ್ಥಾನದ ಮೊದಲ ಸಾಕ್ಷಿಯಿದ್ದಂತೆ. ಅವನ ಮಾತನ್ನು ಕೇಳದೆ ತೀರ್ಪು ಹೇಳಬಾರದು. ಅವನೊಬ್ಬನ ಮಾತನ್ನೇ ಕೇಳಿಯೂ ತೀರ್ಪು ಹೇಳಬಾರದು.

ಮೇಲುಹೊದಿಕೆಯ ವಿಷಯದಲ್ಲಿಯೂ ವಿಚಾರವು ಹೀಗೆಯೇ. ಪುಸ್ತಕವನ್ನು ಧೂಳಿನಿಂದ ಕಾಯುವ ಈ ತೆಳುಕಾಗದವನ್ನು ಹಿಂದಿನ ಓದುಗರು ಮನೆಗೆ ಬಂದೊಡನೆ ಕಿತ್ತೆಸೆಯುತ್ತಿದ್ದುದು ವಾಡಿಕೆ. ಈಗ ಪುಸ್ತಕದ ಬೆಲೆಯಲ್ಲಿ ಬಹುಪಾಲು ಈ ಕಾಗದಕ್ಕೇ ಸಲ್ಲುತ್ತದೆ. ಇದನ್ನು ಕೇಳಿದವರಿಗೆ ನಗು ಬರುವುದು ಸಹಜ. ಆದರೆ ‘ಗ್ಯಾಟ್ಸ್‌ಬಿ’ಯ ಹೊದಿಕೆಗೆ ಫ್ರಾನ್ಸಿಸ್ ಕುಗಾಟ್ ಎಂಬ ಚಿತ್ರಕಾರನು, ರಾತ್ರಿಯ ನೀಲಿಯಲ್ಲಿ ತೇಲುವ ಒಂದು ಸ್ತ್ರೀಮುಖವನ್ನು ಬರೆದನಷ್ಟೆ. ಕಾದಂಬರಿಯು ಇನ್ನೂ ಮುಗಿಯದಿರುವಾಗಲೇ ಆ ಚಿತ್ರದ ವಿಷಯ ಫಿಟ್ಜ್‌ಜೆರಾಲ್ಡನಿಗೆ ತಿಳಿದಿತ್ತು. ಅವನು ಫ್ರಾನ್ಸಿನಿಂದ ತನ್ನ ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸನಿಗೆ ಕಾಗದ ಬರೆದು, ಆ ಹೊದಿಕೆಯನ್ನು ಮತ್ತಾವ ಪುಸ್ತಕಕ್ಕೂ ಕೊಡಬಾರದೆಂದೂ, ತಾನು ಅದನ್ನು ಕಥೆಯೊಳಗೇ ಬರೆದುಕೊಂಡಿರುವೆನೆಂದೂ ತಿಳಿಸಿದನು. ವಸ್ತ್ರವು ಶರೀರದೊಳಕ್ಕೆ ಹೊಕ್ಕ ಅಪೂರ್ವ ಪ್ರಸಂಗವಿದು. ಅದೇ ಹೊದಿಕೆಯ ಹಿಂಬದಿಯ ಪರಿಚಯವಾಕ್ಯದಲ್ಲಿ ನಾಯಕನ ಹೆಸರಿನ ಮೊದಲ ಅಕ್ಷರವು ಚಿಕ್ಕದಾಗಿ ಬಿದ್ದು, ಅನೇಕ ಪ್ರತಿಗಳಲ್ಲಿ ಶಾಯಿಯಿಂದ ಕೈಯಾರೆ ತಿದ್ದಲ್ಪಟ್ಟಿದೆ. ಯಾವನೋ ಹೆಸರಿಲ್ಲದ ಕೆಲಸಗಾರನ ಆ ಲೇಖನಿಯ ಗೆರೆಗೂ ಈಗ ಬೆಲೆಯುಂಟು.

ಸಂಗ್ರಾಹಕನಿಂದ ಸಾಹಿತ್ಯಕ್ಕೆ ಆದ ಉಪಕಾರವನ್ನು ಇಲ್ಲಿಯೇ ಹೇಳುವುದು ನ್ಯಾಯ. 1940ರ ಡಿಸೆಂಬರಿನಲ್ಲಿ ಫಿಟ್ಜ್‌ಜೆರಾಲ್ಡನು ತೀರಿಕೊಂಡಾಗ ‘ಗ್ಯಾಟ್ಸ್‌ಬಿ’ಯ ಎರಡನೆಯ ಮುದ್ರಣದ ಪ್ರತಿಗಳು ಇನ್ನೂ ಮಾರಾಟವಾಗದೆ ಪ್ರಕಾಶಕರ ಉಗ್ರಾಣದಲ್ಲಿದ್ದುವು. 1946ರಲ್ಲಿ ಮಾಲ್ಕಮ್ ಕೌಲಿ ಎಂಬ ವಿಮರ್ಶಕರು ಫಾಕ್ನರನ ಬರಹಗಳ ಒಂದು ಸಂಕಲನವನ್ನು ಹೊರಡಿಸುವುದಕ್ಕೆ ಮುಂಚೆ ಅವನ ಕಾದಂಬರಿಗಳಲ್ಲಿ ಬಹುಮಟ್ಟಿನವು ಅಂಗಡಿಗಳಲ್ಲಿ ಸಿಕ್ಕುತ್ತಿರಲಿಲ್ಲ. ಲೋಕವು ಮರೆತುದನ್ನು ಯಾರಾದರೂ ತಮ್ಮ ಕಪಾಟಿನಲ್ಲಿಟ್ಟು ಕಾಯಬೇಕಷ್ಟೆ. ಮ್ಯಾಥ್ಯೂ ಬ್ರೂಕೊಲಿ ಎಂಬ ವಿದ್ವಾಂಸರು ಫಿಟ್ಜ್‌ಜೆರಾಲ್ಡನ ಪುಸ್ತಕಗಳನ್ನೂ ಕಾಗದಪತ್ರಗಳನ್ನೂ ಜೀವಮಾನವೆಲ್ಲ ಕೂಡಿಸಿದರು, 1991ರಲ್ಲಿ ಕೇಂಬ್ರಿಜ್ ಮುದ್ರಣಾಲಯದ ಪರವಾಗಿ ‘ಗ್ಯಾಟ್ಸ್‌ಬಿ’ಯ ಪರಿಷ್ಕೃತ ಪಾಠವನ್ನು ಸಂಪಾದಿಸಿದರು, 1994ರಲ್ಲಿ ತಮ್ಮ ಸಂಗ್ರಹವನ್ನು ದಕ್ಷಿಣ ಕ್ಯಾರೊಲೈನ ವಿಶ್ವವಿದ್ಯಾನಿಲಯಕ್ಕೆ ಸೇರಿಸಿದರು. ಕವಿಯೂ ಆಗಿದ್ದ ಲೂಯಿ ಡೇನಿಯಲ್ ಬ್ರಾಡ್ಸ್‌ಕಿಯವರು ಫಾಕ್ನರನ ಸಹಿಯುಳ್ಳ ಪ್ರತಿಗಳು, ಹಸ್ತಪ್ರತಿಗಳು, ಪತ್ರಗಳು ಇವುಗಳನ್ನು ಕಲೆಹಾಕಿ, ಅವುಗಳ ವಿವರವನ್ನು ಐದು ಸಂಪುಟಗಳಲ್ಲಿ ರಾಬರ್ಟ್ ಹ್ಯಾಂಬ್ಲಿನ್ ಎಂಬ ಪ್ರಾಧ್ಯಾಪಕರೊಡನೆ ಪ್ರಕಟಿಸಿದರು; ಆ ಸಂಗ್ರಹವು 1988ರಲ್ಲಿ ಆಗ್ನೇಯ ಮಿಸೂರಿ ವಿಶ್ವವಿದ್ಯಾನಿಲಯವನ್ನು ಸೇರಿತು. ನ್ಯೂಯಾರ್ಕಿನ ಕಾರ್ಟರ್ ಬರ್ಡನ್ ಎಂಬ ಶ್ರೀಮಂತರು ಅಮೆರಿಕಾದ ಆಧುನಿಕ ಸಾಹಿತ್ಯದ ಪ್ರಥಮ ಮುದ್ರಣಗಳನ್ನು ಸಾವಿರಗಟ್ಟಲೆ ಕೂಡಿಸಿ 1996ರಲ್ಲಿ ತೀರಿಕೊಂಡರು. ಅವರ ಸಂಗ್ರಹದ ಸಾರಭಾಗವು ಆ ನಗರದ ಮಾರ್ಗನ್ ಗ್ರಂಥಾಲಯದಲ್ಲಿದೆ. ಈ ಮೂವರ ಆಸ್ತಿಯೂ ಕಡೆಗೆ ಎಲ್ಲರ ಆಸ್ತಿಯಾಯಿತು. ನದಿಗೆ ಕಟ್ಟಿದ ಅಣೆಕಟ್ಟು ನೀರನ್ನು ಹಿಡಿದಿಡುವುದು ಹೊಲಕ್ಕೆ ಬಿಡುವುದಕ್ಕಾಗಿಯೇ.

ಇಷ್ಟು ಪ್ರಥಮ ಮುದ್ರಣದ ಮಾತು. ಹಸ್ತಾಕ್ಷರದ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಅಚ್ಚಿನ ತಪ್ಪು ಕೃತಿಯ ಒಳಗಿನದು; ಸಹಿಯಾದರೋ ಕೃತಿಯು ಮುಗಿದಮೇಲೆ ಹೊರಗಿನಿಂದ ಬಂದು ಸೇರುವುದು. ಅದು ಏನನ್ನು ಸಾರುತ್ತದೆ? ‘ಈ ಪ್ರತಿಯು ಒಮ್ಮೆ ಗ್ರಂಥಕರ್ತನ ಕೈಯಲ್ಲಿತ್ತು’ ಎಂಬಿಷ್ಟನ್ನೇ. ಸಂಗ್ರಾಹಕರು ಸಹಿಗಳಲ್ಲಿ ತರತಮವನ್ನು ಕಲ್ಪಿಸಿದ್ದಾರೆ: ಹೆಸರೊಂದನ್ನೇ ಬರೆದುದು ಒಂದು ಬಗೆ, ಇಂತಹವರಿಗೆ ಎಂದು ಬರೆದು ಕೊಟ್ಟುದು ಇನ್ನೊಂದು, ಆ ‘ಇಂತಹವರು’ ಗ್ರಂಥಕರ್ತನ ಬಾಳಿನಲ್ಲಾಗಲಿ ಸಾಹಿತ್ಯದ ಇತಿಹಾಸದಲ್ಲಾಗಲಿ ಸ್ಥಾನವುಳ್ಳವರಾಗಿದ್ದರೆ ಅದು ಮೂರನೆಯ ಬಗೆ. ಈ ಮೂರನೆಯದನ್ನು ಸಂಬಂಧಪ್ರತಿ ಎಂದು ಕರೆಯಬಹುದು. ಸಹಿಯ ಸಾರ್ಥಕ್ಯವನ್ನು ತಿಳಿಯಬೇಕಾದರೆ ಈ ಬಗೆಯ ಪ್ರತಿಗಳನ್ನೇ ನೋಡಬೇಕು.

1925ರ ಅಕ್ಟೋಬರಿನಲ್ಲಿ ಫಿಟ್ಜ್‌ಜೆರಾಲ್ಡನು ಪ್ಯಾರಿಸ್ಸಿನಿಂದ ಟಿ. ಎಸ್. ಎಲಿಯಟ್ ಕವಿಗೆ ‘ಗ್ಯಾಟ್ಸ್‌ಬಿ’ಯ ಒಂದು ಪ್ರತಿಯನ್ನು ಕಳುಹಿಸಿದನು. ಬದುಕಿರುವ ಕವಿಗಳಲ್ಲಿ ಎಲಿಯಟನೇ ಹಿರಿಯನೆಂದೂ ತಾನು ಅವನ ಆರಾಧಕನೆಂದೂ ಅದರಲ್ಲಿ ಬರೆದನು. ಹಾಗೆ ಬರೆಯುವಾಗ ಆರಾಧ್ಯನ ಹೆಸರಿನ ಕಾಗುಣಿತವನ್ನೇ ತಪ್ಪಿದನು! ಆ ವರ್ಷದ ಕೊನೆಯ ದಿನ ಎಲಿಯಟನು ಉತ್ತರ ಬರೆದು, ಕಾದಂಬರಿಯನ್ನು ಮೂರು ಸಲ ಓದಿದುದಾಗಿಯೂ, ಹೆನ್ರಿ ಜೇಮ್ಸನ ತರುವಾಯ ಅಮೆರಿಕಾದ ಕಾದಂಬರಿಯು ಇಟ್ಟ ಮೊದಲನೆಯ ಹೆಜ್ಜೆ ಇದೆಂದು ತನಗೆ ತೋರುವುದಾಗಿಯೂ ತಿಳಿಸಿದನು. ಎಲಿಯಟನ ‘ದಿ ವೇಸ್ಟ್ ಲ್ಯಾಂಡ್’ ಕಾವ್ಯವು 1922ರದು. ‘ಗ್ಯಾಟ್ಸ್‌ಬಿ’ಯಲ್ಲಿ ಬರುವ ಬೂದಿಯ ಕಣಿವೆಯನ್ನು ಓದಿದ ಸಹೃದಯರಿಗೆ ಆ ಕಾವ್ಯದ ಬರಡುನೆಲವು ನೆನಪಾಗುವುದುಂಟು. ವಿಮರ್ಶಕರು ಊಹೆಯಿಂದ ಕಟ್ಟಿದ ಈ ಸೇತುವೆಗೆ ಆ ಅಂಕಿತಪತ್ರವು ಕಲ್ಲಿನ ಕಂಬವಾಗಿದೆ. ಕಾದಂಬರಿಕಾರನು ಆ ಕವಿಯನ್ನು ಯಾವ ಭಾವದಿಂದ ಕಂಡನೆಂಬುದಕ್ಕೆ ಅವನ ಕೈಬರಹವೇ ಸಾಕ್ಷಿ. ತಪ್ಪಿದ ಕಾಗುಣಿತವು ಆ ಭಾವದ ಅವಸರಕ್ಕೆ ಸಾಕ್ಷಿ.

ಇದಕ್ಕೂ ಮಿಗಿಲಾದ ನಿದರ್ಶನವು ಹೆಮಿಂಗ್ವೆಯದು. ಅವನ ‘ಎ ಫೇರ್‌ವೆಲ್ ಟು ಆರ್ಮ್ಸ್’ ಎಂಬ ಯುದ್ಧದ ಕಾದಂಬರಿಯು 1929ರಲ್ಲಿ ಅಚ್ಚಾದಾಗ, ಸೈನಿಕರ ಬಾಯಲ್ಲಿ ಬರುವ ಕೆಲವು ಹೊಲಸು ಮಾತುಗಳನ್ನು ಪ್ರಕಾಶಕರು ಅಚ್ಚುಮಾಡಲೊಪ್ಪದೆ, ಅವುಗಳ ಸ್ಥಾನದಲ್ಲಿ ಬರಿಯ ಗೆರೆಗಳನ್ನೆಳೆದರು. ಗ್ರಂಥಕರ್ತನು ತನಗೆ ಬೇಕಾದವರಿಗೆ ಕೊಟ್ಟ ಕೆಲವು ಪ್ರತಿಗಳಲ್ಲಿ ಆ ಗೆರೆಗಳ ಜಾಗಕ್ಕೆ ಬಿಟ್ಟುಹೋದ ಮಾತುಗಳನ್ನು ತನ್ನ ಲೇಖನಿಯಿಂದಲೇ ತುಂಬಿದನು. ಅಂತಹ ಒಂದು ಪ್ರತಿಯು ಆ ಕೃತಿಯನ್ನು ಫ್ರೆಂಚ್ ಭಾಷೆಗೆ ತಂದ ಮೋರಿಸ್ ಕ್ವಾಂದ್ರೊ ಎಂಬ ಅನುವಾದಕನಿಗೆ ಸಂದಿತು. ಇಲ್ಲಿ ಹಸ್ತಾಕ್ಷರವು ಅಲಂಕಾರವಲ್ಲ, ಪಾಠಪೂರಣ. ಅಚ್ಚಿನ ಯಂತ್ರವು ಹೇಳಲು ಅಂಜಿದುದನ್ನು ಕೈ ಹೇಳಿತು. ಇಂತಹ ಪ್ರತಿಗೆ ಯಾರಾದರೂ ರಾಜ್ಯವನ್ನೇ ಕೊಟ್ಟರೂ ಅವರನ್ನು ಹುಚ್ಚರೆನ್ನಲಾಗದು.

ಕನ್ನಡ ಓದುಗರಿಗೆ ಸಹಿಯೆಂಬ ಭಾವನೆಯು ಬೇರೊಂದು ದಾರಿಯಿಂದ ಪರಿಚಿತವಾಗಿದೆ. ವಚನಕಾರರೂ ಹರಿದಾಸರೂ ತಮ್ಮ ರಚನೆಯ ಕೊನೆಯಲ್ಲಿ ಅಂಕಿತವನ್ನಿಡುತ್ತಿದ್ದರು. ಆ ಅಂಕಿತವು ಕೃತಿಯ ಒಳಗೇ ಇದ್ದು, ಯಾರು ಹಾಡಿದರೂ ಎಷ್ಟು ಸಲ ಬರೆದುಕೊಂಡರೂ ಕೃತಿಯೊಡನೆಯೇ ಸಾಗುವುದು. ಅದರಲ್ಲಿ ಮೊಳಗುವುದು ಬರೆದವನ ಹೆಸರಿಗಿಂತ ಹೆಚ್ಚಾಗಿ ಆತನ ಇಷ್ಟದೈವದ ಹೆಸರು. ಅಮೆರಿಕಾದ ಸಂಗ್ರಾಹಕನು ಅರಸುವ ಸಹಿಯು ಇದಕ್ಕೆ ನೇರ ವಿರುದ್ಧ: ಸಾವಿರ ಪ್ರತಿಗಳಲ್ಲಿ ಒಂದಕ್ಕೆ ಮಾತ್ರ ಅಂಟಿದ್ದು, ಒಬ್ಬನ ಸ್ವತ್ತಾಗಿ, ಉಳಿದವರಿಗೆ ಇಲ್ಲವೆಂಬುದರಿಂದಲೇ ಬೆಲೆಪಡೆಯತಕ್ಕದ್ದು. ಅಚ್ಚಿನ ಯಂತ್ರವು ಪ್ರತಿಗಳನ್ನೆಲ್ಲ ಒಂದೇ ಎರಕಕ್ಕೆ ತಂದ ಕಾಲದಲ್ಲಿ, ‘ಇದು ನನ್ನದು, ಇದರಂತಹುದು ಇನ್ನೊಂದಿಲ್ಲ’ ಎನ್ನಬಯಸುವ ಮನುಷ್ಯನ ಹಳೆಯ ಆಸೆಯು ಈ ರೂಪವನ್ನು ತಾಳಿದೆ. ಆಸೆಯು ಹೇಯವಲ್ಲ. ಆದರೆ ಅದನ್ನು ತಣಿಸುವುದಕ್ಕೆ ಹೊರಟ ವ್ಯಾಪಾರವು ಕ್ರಮೇಣ ಸಾಕ್ಷಿಯನ್ನೇ ತಯಾರಿಸತೊಡಗಿದುದು ವಿಷಾದದ ಸಂಗತಿ.

ಅದರ ಮೊದಲ ಮೆಟ್ಟಿಲು ನಿಯಮಿತ ಪ್ರತಿಗಳದು. ‘ಎ ಫೇರ್‌ವೆಲ್ ಟು ಆರ್ಮ್ಸ್’ ಹೊರಬಂದ ವರ್ಷದಲ್ಲಿಯೇ ಅದರ 510 ಪ್ರತಿಗಳಿಗೆ ಹೆಮಿಂಗ್ವೆಯ ಸಹಿಹಾಕಿಸಿ ಬೇರೆಯಾಗಿ ಹೊರಡಿಸಿದರು. ಫಾಕ್ನರನ ‘ಆಬ್ಸಲಂ, ಆಬ್ಸಲಂ!’ ಎಂಬ ಕಾದಂಬರಿಗೆ 1936ರಲ್ಲಿ ಇಂತಹ 300 ಪ್ರತಿಗಳಾದುವು. ಸಂಖ್ಯೆಯು ಮಿತವಾಗಿದ್ದು ಕೈಯು ಗ್ರಂಥಕರ್ತನದೇ ಆಗಿರುವವರೆಗೆ ಇದರಲ್ಲಿ ದೊಡ್ಡ ದೋಷವಿಲ್ಲ. ಎರಡನೆಯ ಮೆಟ್ಟಿಲಿನಲ್ಲಿ ಫ್ರಾಂಕ್ಲಿನ್ ಲೈಬ್ರರಿಯಂತಹ ಸಂಸ್ಥೆಗಳು ಬಂದುವು. ಚರ್ಮದ ಕಟ್ಟು, ಹೊನ್ನಿನ ಅಂಚು, ರೇಷ್ಮೆಯ ಒಳಹಾಳೆಗಳಿಂದ ಸಿಂಗರಿಸಿದ ಸಹಿಪ್ರತಿಗಳನ್ನು ಚಂದಾದಾರರಿಗೆ ಅಂಚೆಯಲ್ಲಿ ಕಳುಹಿಸತೊಡಗಿದುವು. ಮೂರನೆಯ ಮೆಟ್ಟಿಲಿನಲ್ಲಿ ಪುಸ್ತಕವೇ ಕೈಯಿಂದ ಜಾರಿತು. ಪ್ರಕಾಶಕರು ಬಿಳಿಯ ಹಾಳೆಗಳ ಕಟ್ಟುಗಳನ್ನು ಗ್ರಂಥಕರ್ತನ ಮನೆಗೆ ಕಳುಹಿಸುತ್ತಾರೆ. ಅವನು ಸಾವಿರಗಟ್ಟಲೆ ಹಾಳೆಗಳಿಗೆ ಸಹಿಹಾಕಿ ಹಿಂದಿರುಗಿಸುತ್ತಾನೆ. ಕಟ್ಟುವವರು ಅವುಗಳನ್ನು ಪುಸ್ತಕಗಳೊಳಗೆ ಸೇರಿಸುತ್ತಾರೆ. ಈ ಪದ್ಧತಿಯು ಈಗ ಸರ್ವಸಾಧಾರಣ. ಗ್ರಂಥಕರ್ತನು ಮುಟ್ಟಿದುದು ಹಾಳೆಯನ್ನು ಮಾತ್ರ. ಪುಸ್ತಕವನ್ನು ಅವನು ನೋಡಿಯೇ ಇರಲಾರನು. ‘ಈ ಪ್ರತಿಯು ಗ್ರಂಥಕರ್ತನ ಕೈಯಲ್ಲಿತ್ತು’ ಎಂದು ಸಹಿಯು ನುಡಿಯುತ್ತಿದ್ದ ಒಂದೇ ಒಂದು ಸಾಕ್ಷ್ಯವೂ ಹೀಗೆ ಸುಳ್ಳಾಯಿತು.

ನಾಲ್ಕನೆಯ ಮೆಟ್ಟಿಲು ಯಂತ್ರದ್ದು. ಇದಕ್ಕೆ ಪ್ರಸಿದ್ಧವಾದ ಉದಾಹರಣೆಯು ಕಾದಂಬರಿಯ ಕ್ಷೇತ್ರದ್ದಲ್ಲದಿದ್ದರೂ ಅದೇ ಪೇಟೆಯದು. 2016ರ ನೊಬೆಲ್ ಪಾರಿತೋಷಕವನ್ನು ಪಡೆದ ಗೀತಕಾರ ಬಾಬ್ ಡಿಲನನ ಗದ್ಯಗ್ರಂಥವೊಂದು 2022ರ ನವೆಂಬರಿನಲ್ಲಿ ಪ್ರಕಟವಾದಾಗ, ‘ಸ್ವಹಸ್ತದಿಂದ ಸಹಿಮಾಡಿದ್ದು’ ಎಂಬ ಭರವಸೆಯೊಡನೆ ಸುಮಾರು 900 ಪ್ರತಿಗಳು ತಲಾ 599 ಡಾಲರಿಗೆ ಮಾರಾಟವಾದುವು. ಕೊಂಡವರು ತಮ್ಮ ತಮ್ಮ ಪ್ರತಿಗಳ ಸಹಿಗಳನ್ನು ಹೋಲಿಸಿ ನೋಡಿದಾಗ, ಒಂದಕ್ಕೊಂದು ಗೆರೆ ಮಿಸುಕದಂತೆ ಹೊಂದಿಕೊಳ್ಳುವುದನ್ನು ಕಂಡು ಬೆರಗಾದರು. ಮನುಷ್ಯನ ಕೈ ಎರಡು ಸಲ ಒಂದೇ ತೆರನಾಗಿ ಬರೆಯಲಾರದು. ಲೇಖನಿಯನ್ನು ಹಿಡಿದಿದ್ದುದು ಸಹಿಮಾಡುವ ಯಂತ್ರವೆಂದು ಗೊತ್ತಾಯಿತು. ಪ್ರಕಾಶಕರಾದ ಸೈಮನ್ ಅಂಡ್ ಶೂಸ್ಟರ್ ಸಂಸ್ಥೆಯವರು ಹಣವನ್ನು ಹಿಂದಿರುಗಿಸಿದರು. ಡಿಲನನು ತಲೆಸುತ್ತಿನ ವ್ಯಾಧಿಯನ್ನೂ ಸಾಂಕ್ರಾಮಿಕದ ಕಾಲದ ತೊಡಕನ್ನೂ ಹೇಳಿ ಕ್ಷಮೆ ಬೇಡಿದನು. ಇಲ್ಲಿ ಗಮನಿಸತಕ್ಕ ಸ್ವಾರಸ್ಯವೊಂದುಂಟು. ಸಹಿಗಳು ಸುಳ್ಳೆಂದು ತೋರಿಸಿಕೊಟ್ಟುದು ಅವುಗಳ ಅತಿಶುದ್ಧಿ. ಹೆಮಿಂಗ್ವೆಯ ಮೂರನೆಯ ‘ಪಿ’, ಎಲಿಯಟನ ಹೆಸರಿನ ಕಾಗುಣಿತ, ಇವು ದೋಷದಿಂದಲೇ ಸತ್ಯವನ್ನು ಸಾರಿದುವು. ಯಂತ್ರದ ಸಹಿಯು ನಿರ್ದೋಷವಾಗಿದ್ದುದರಿಂದಲೇ ಸಿಕ್ಕಿಬಿದ್ದಿತು.

ಇದರೊಡನೆ ಇನ್ನೊಂದು ರುಚಿಭೇದವೂ ಈ ಪೇಟೆಯಲ್ಲಿ ಬೆಳೆದಿದೆ. ಆಧುನಿಕ ಗ್ರಂಥಗಳನ್ನು ಕೂಡಿಸುವವರಲ್ಲಿ ಅನೇಕರು, ಅಪರಿಚಿತ ಓದುಗನ ಹೆಸರು ಬರೆದುಕೊಟ್ಟ ಪ್ರತಿಗಿಂತ ಬರಿಯ ಸಹಿಯುಳ್ಳ ಪ್ರತಿಯನ್ನು ಮೆಚ್ಚುತ್ತಾರೆ. ಹೆಸರಿಲ್ಲದಿದ್ದರೆ ಮರುಮಾರಾಟವು ಸುಲಭ. ಒಬ್ಬಳು ತಾಯಿ ತನ್ನ ಮಗಳಿಗಾಗಿ ಗ್ರಂಥಕರ್ತನಿಂದ ಎರಡು ಮಾತು ಬರೆಸಿಕೊಂಡರೆ ಆ ಎರಡು ಮಾತಿನಿಂದ ಪುಸ್ತಕದ ಬೆಲೆ ಇಳಿಯುತ್ತದೆ! ಓದುಗನ ಹೆಸರು ಪುಸ್ತಕಕ್ಕೆ ಕಳಂಕವೆನಿಸುವ ರುಚಿಯು ಸಾಹಿತ್ಯದ ರುಚಿಯಾಗಲಾರದು. ಕೃತಿಯು ಗ್ರಂಥಕರ್ತನಿಂದ ಓದುಗನಿಗೆ ಸಲ್ಲುವ ಮಾತು. ಎರಡನೆಯ ಹೆಸರನ್ನು ಅಳಿಸಿದಮೇಲೆ ಉಳಿಯುವುದು ನಾಣ್ಯದ ಮೇಲಿನ ಮುದ್ರೆ.

ಸಹಿಮಾಡಲೊಪ್ಪದ ಗ್ರಂಥಕರ್ತರನ್ನೂ ಇಲ್ಲಿ ನೆನೆಯಬೇಕು. ಜೆ. ಡಿ. ಸ್ಯಾಲಿಂಜರನ ‘ದಿ ಕ್ಯಾಚರ್ ಇನ್ ದಿ ರೈ’ 1951ರ ಜುಲೈನಲ್ಲಿ ಪ್ರಕಟವಾದಾಗ ಹೊದಿಕೆಯ ಹಿಂಬದಿಯಲ್ಲಿ ಅವನ ಭಾವಚಿತ್ರವಿತ್ತು. ಅವನು ಒತ್ತಾಯಮಾಡಿದುದರಿಂದ ಮೂರನೆಯ ಮುದ್ರಣದ ವೇಳೆಗೆ ಅದು ಮಾಯವಾಯಿತು. ಬಳಿಕ ಅವನು 2010ರಲ್ಲಿ ತೀರಿಕೊಳ್ಳುವವರೆಗೂ ಲೋಕದ ಕಣ್ಣಿಗೆ ದೂರವಾಗಿಯೇ ಉಳಿದನು. ಥಾಮಸ್ ಪಿಂಚನನು ಕೃತಿಗಳನ್ನು ಮಾತ್ರ ಲೋಕಕ್ಕೊಪ್ಪಿಸಿ ಮುಖವನ್ನು ಮರೆಸಿಕೊಂಡನು. ಇವರ ಸಹಿಯು ವಿರಳವಾದುದರಿಂದ ಪೇಟೆಯು ಅದಕ್ಕೆ ಇನ್ನೂ ಹೆಚ್ಚು ಬೆಲೆ ಕಟ್ಟಿತು. ವೈರಾಗ್ಯವೂ ಅಲ್ಲಿ ಸರಕಾಯಿತು.

ಇವರೆಲ್ಲರಿಗಿಂತ ವಿಚಿತ್ರವೂ ಮನೋಹರವೂ ಆದ ಪ್ರಸಂಗವು ಕಾರ್ಮಕ್ ಮಕಾರ್ತಿಯದು. ಅವನ ‘ದಿ ರೋಡ್’ ಎಂಬ ಕಾದಂಬರಿಯು 2006ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪಾರಿತೋಷಕವನ್ನು ಪಡೆಯಿತು. ಸುಟ್ಟು ಬೂದಿಯಾದ ಲೋಕದಲ್ಲಿ ತಂದೆಯೊಬ್ಬನು ತನ್ನ ಎಳೆಯ ಮಗನನ್ನು ಕರೆದುಕೊಂಡು, ಅವನಿಗಾಗಿ ಒಂದಿಷ್ಟು ಅನ್ನವನ್ನೂ ಒಂದಿಷ್ಟು ಭರವಸೆಯನ್ನೂ ಅರಸುತ್ತ ನಡೆಯುವುದೇ ಅದರ ಕಥಾವಸ್ತು. ಗ್ರಂಥವು ಮಕಾರ್ತಿಯ ಮಗನಿಗೇ ಅರ್ಪಿತವಾಗಿದೆ. 2009ರಲ್ಲಿ ಒಂದು ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಅವನು, ಈ ಕಾದಂಬರಿಯ 250 ಪ್ರತಿಗಳಿಗೆ ಮಾತ್ರ ತಾನು ಸಹಿಹಾಕಿರುವುದಾಗಿಯೂ, ಅವೆಲ್ಲವೂ ಮಗನ ಸ್ವತ್ತೆಂದೂ, ಅವನು ಪ್ರಾಯಕ್ಕೆ ಬಂದಮೇಲೆ ಮಾರಿಕೊಂಡು ಮನಬಂದಂತೆ ಖರ್ಚುಮಾಡಿಕೊಳ್ಳಲೆಂದೂ ಹೇಳಿದನು. ಮೇಲ್ನೋಟಕ್ಕೆ ಇದು ಬರಿಯ ಲೌಕಿಕ ಜಾಣ್ಮೆ. ಆಳಕ್ಕಿಳಿದು ನೋಡಿದರೆ, ತಾನಿಲ್ಲದ ಕಾಲಕ್ಕೆ ಮಗನ ಬುತ್ತಿಯನ್ನು ಕಟ್ಟಿಡುವ ಆ ಕಾದಂಬರಿಯ ತಂದೆಯೇ ಇಲ್ಲಿಯೂ ಕಾಣುತ್ತಾನೆ. ಮಕಾರ್ತಿಯು 2023ರಲ್ಲಿ ತೀರಿಕೊಂಡನು. ಮಾರಾಟಕ್ಕಾಗಿಯೇ ಹಾಕಿದ ಸಹಿಯೂ ಕೃತಿಯ ಅರ್ಥವನ್ನು ಮುಂದುವರಿಸಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ. ಆದುದರಿಂದ ಹಣದ ಸೋಂಕುಳ್ಳದ್ದೆಲ್ಲವೂ ಅಶುದ್ಧವೆಂಬ ಪೂರ್ವಪಕ್ಷಿಯ ತೀರ್ಮಾನವೂ ದುಡುಕಿನದೇ.

ಉಳಿದಿರುವ ಆಕ್ಷೇಪವೊಂದು ಎಲ್ಲಕ್ಕಿಂತ ಭಾರವಾದುದು. ಬೆಲೆಬಾಳುವ ಪ್ರತಿಯನ್ನು ಓದಲಾಗದು. ಬೆನ್ನು ಬಿರಿದರೆ ಬೆಲೆಯಿಳಿತ. ಹಾಳೆಗೆ ಬೆರಳಿನ ಬೆವರು ಸೋಕಿದರೆ ಬೆಲೆಯಿಳಿತ. ಆದುದರಿಂದ ಪುಸ್ತಕವು ಪೆಟ್ಟಿಗೆಯೊಳಗಿನ ಪೆಟ್ಟಿಗೆಯಲ್ಲಿ ಕಣ್ಮುಚ್ಚಿ ಮಲಗಿರುತ್ತದೆ, ಅದರ ಒಡೆಯನು ಅದೇ ಕಾದಂಬರಿಯ ಅಗ್ಗದ ಪ್ರತಿಯೊಂದನ್ನು ಹಾಸಿಗೆಯ ಬಳಿ ಇಟ್ಟುಕೊಂಡು ಓದುತ್ತಾನೆ. ಓದಿದರೆ ಅದೂ ಚಿಂತೆಯಿಲ್ಲ. ಓದದೆ, ಮುಂದಿನ ವರ್ಷ ಯಾವ ಹೊಸ ಗ್ರಂಥಕರ್ತನು ಮೇಲೇರುವನೆಂದು ಲೆಕ್ಕಹಾಕುತ್ತ ಎರಡೆರಡು ಪ್ರತಿಗಳನ್ನು ಕೊಂಡಿಡುವವರೂ ಉಂಟು. ಅವರು ಕೊಳ್ಳುವುದು ಜೂಜಿನ ಚೀಟಿಯನ್ನು. ಅದಕ್ಕೆ ಕಾದಂಬರಿಯ ರಟ್ಟು ಇರುವುದು ಕಾಕತಾಳೀಯ.

ಹೀಗಿರುವಲ್ಲಿ ಸಂಗ್ರಹವು ಸಾಹಿತ್ಯಸೇವೆಯೋ ವಸ್ತುಲೋಭವೋ ಎಂಬುದನ್ನು ತೂಗುವುದಕ್ಕೆ ಮೂರು ನಿಕಷಗಳು ಸಾಕು. ಈ ಪ್ರತಿಯು ಪಾಠದ ಇತಿಹಾಸದಲ್ಲಿ ಏನನ್ನಾದರೂ ತಿಳಿಸುತ್ತದೆಯೇ ಎಂಬುದು ಒಂದು. ಇದರ ಮೇಲಿನ ಕೈಬರಹವು ಇಬ್ಬರು ಮನುಷ್ಯರ ನಡುವೆ ಈ ಕೃತಿಯ ನಿಮಿತ್ತವಾಗಿ ಉಂಟಾದ ಸಂಬಂಧವನ್ನು ತೋರಿಸುತ್ತದೆಯೇ ಎಂಬುದು ಎರಡು. ಒಡೆಯನು ಕೃತಿಯನ್ನು ಓದಿದವನೇ, ತನ್ನ ತರುವಾಯ ಅದು ಇತರರ ಕಣ್ಣಿಗೆ ಬೀಳುವಂತೆ ಏರ್ಪಾಡು ಮಾಡುವವನೇ ಎಂಬುದು ಮೂರು. ಎಲಿಯಟನ ಪ್ರತಿಯೂ ಕ್ವಾಂದ್ರೊವಿನ ಪ್ರತಿಯೂ ಮೊದಲೆರಡರಲ್ಲಿ ಸುವರ್ಣದಂತೆ ಹೊಳೆಯುತ್ತವೆ; ಬ್ರೂಕೊಲಿ, ಬ್ರಾಡ್ಸ್‌ಕಿಯವರ ಕಪಾಟುಗಳು ಮೂರರಲ್ಲಿಯೂ ತೇರ್ಗಡೆಯಾಗುತ್ತವೆ; ಮುಟ್ಟದ ಪುಸ್ತಕದೊಳಗೆ ಸೇರಿಸಿದ ಸಹಿಹಾಳೆಯು ಮೂರರಲ್ಲಿಯೂ ಕಪ್ಪಾಗುತ್ತದೆ.

ಫಿಟ್ಜ್‌ಜೆರಾಲ್ಡನು ತನ್ನ ಸ್ವಂತ ‘ಗ್ಯಾಟ್ಸ್‌ಬಿ’ ಪ್ರತಿಯಲ್ಲಿ ಲೇಖನಿ ಹಿಡಿದು ಹಲವು ತಿದ್ದುಪಡಿಗಳನ್ನು ಮಾಡಿಕೊಂಡಿದ್ದನು. ಆ ಪ್ರತಿಯು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿದೆ. ಅದನ್ನು ಬರೆದಾಗ ಅವನಿಗೆ ಕೊಳ್ಳುವವರ ಯೋಚನೆಯಿರಲಿಲ್ಲ. ಮುಗಿದ ಕೃತಿಯನ್ನು ಇನ್ನೂ ಒಂದಿಷ್ಟು ಸರಿಪಡಿಸಬೇಕೆಂಬ ಹಂಬಲವೊಂದೇ ಇದ್ದಿತು. ಗ್ರಂಥಕರ್ತನ ಹಸ್ತಾಕ್ಷರಗಳಲ್ಲೆಲ್ಲ ಶ್ರೇಷ್ಠವಾದುದು ಇಂತಹುದು. ಸಹಿಯು ಕೃತಿಗೆ ಸಾಕ್ಷಿಯಾಗಿ ನಿಂತರೆ ಸಂಗ್ರಾಹಕನ ಕಪಾಟು ಸರಸ್ವತಿಯ ಭಂಡಾರ. ಕೃತಿಯು ಸಹಿಗೆ ಮಣೆಯಾಗಿ ಕುಳಿತರೆ ಅದು ಬರಿಯ ಗಿರವಿ ಅಂಗಡಿ.